ಬೆನ್ನ ಮೇಲಿನ ಕೈ

ಬೆಳಿಗ್ಗೆ ಮಿಲ್ಲಿನ ಗೇಟು ದಾಟುವ ಮುಂಚೆ ಹೆಂಗಸರು ಸಾಲಾಗಿ ನಿಂತು ಬೆನ್ನು ಕೊಡಬೇಕಿತ್ತು. ಲೇಡೀಸ್ ಸೂಪರ್‌ವೈಸರ್ ಚೇತನಾ ಒಬ್ಬೊಬ್ಬರ ಬೆನ್ನಿನ ಮೇಲೂ ಅಂಗೈ ಒತ್ತಿ ಕೆಳಕ್ಕೆ ಎಳೆಯುತ್ತಿದ್ದಳು. ಕುಪ್ಪಸದ ಒಳಗೆ ಬಾಡಿಯ ಪಟ್ಟಿ ಕೈಗೆ ತಗುಲಿದರೆ, "ಒಳಗ ನಡಿ." ತಗುಲದಿದ್ದರೆ, "ಮನೀಗ್ ನಡಿ." ಮನೆಗೆ ನಡೆದವಳಿಗೆ ಅವತ್ತಿನ ಕೂಲಿ ಇಲ್ಲ.

ಆಂಧ್ರದ ಗಡಿಯ ಆದೋನಿಯಲ್ಲಿ ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ನಿಂಗ್ ಮಿಲ್ಲು ಅದು. ತಲೆಯ ಮೇಲೆ ಸಿಮೆಂಟ್ ಶೀಟು. ಫೆಬ್ರವರಿ ಮುಗಿಯುವುದರೊಳಗೆ ಆ ಶೀಟು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ಫ್ಯಾನು ಹಾಕುವ ಹಾಗಿಲ್ಲ, ಹಾಕಿದರೆ ಅರಳೆ ಹಾರುತ್ತದೆ. ಹೆಂಗಸರು ಬುಟ್ಟಿಯಲ್ಲಿ ಹತ್ತಿ ಹೊತ್ತು ತಂದು, ಕಸಕಡ್ಡಿ ಆರಿಸಿ, ಯಂತ್ರದ ಬಾಯಿಗೆ ಕೊಡಬೇಕು. ಹತ್ತಿಯ ಧೂಳು ಬೆವರಿಗೆ ಅಂಟಿಕೊಳ್ಳುತ್ತದೆ. ಕತ್ತಿನಲ್ಲಿ, ಕಂಕುಳಲ್ಲಿ, ಎದೆಯ ಕೆಳಗೆ. ಮೂಗಿನೊಳಗೂ ಹೋಗುತ್ತದೆ.

ದೊಡ್ಡ ಸಾಹುಕಾರರ ಕಾಲದಲ್ಲಿ ಯಾರು ಏನು ಉಟ್ಟರು, ಏನು ತೊಟ್ಟರು ಎಂದು ಕೇಳಿದವರಿಲ್ಲ. ಈ ಸೀಸನ್ನಿನಿಂದ ಮಗ ವಾಗೀಶ್ ಗಲ್ಲಾದ ಮೇಲೆ ಕೂತ. ಕೊಯಮತ್ತೂರಿನಿಂದ ಹತ್ತಿ ಕೊಳ್ಳುವವರು ಬಂದು ಮಿಲ್ಲೆಲ್ಲ ಸುತ್ತಿ, ಫೋಟೋ ತೆಗೆದುಕೊಂಡು ಹೋದರು. ಕುಡಿಯುವ ನೀರು ಎಲ್ಲಿ, ಬೆಂಕಿ ಬಿದ್ದರೆ ಆರಿಸುವುದಕ್ಕೆ ಏನಿದೆ, ಇವರ ಮೂಗಿಗೆ ಮಾಸ್ಕ್ ಯಾಕಿಲ್ಲ ಎಂದು ಕೇಳಿದರು. ಫೋಟೋ ನೋಡಿದ ವಾಗೀಶನ ಕಣ್ಣಿಗೆ ಬಿದ್ದದ್ದು ಬೇರೆ. ಬಗ್ಗಿ ಹತ್ತಿ ಆರಿಸುವ ಹೆಂಗಸರ ಬೆವರಿನ ಕುಪ್ಪಸಗಳು.

"ನಮ್ಮ ಮಿಲ್ಲಿಗೆ ಒಂದು ಮರ್ಯಾದಿ ಬ್ಯಾಡೇನು?" ಎಂದ.

ವಾರದೊಳಗೆ ಎಲ್ಲರಿಗೂ ಒಂದೊಂದು ನೀಲಿ ಪಾಲಿಯೆಸ್ಟರ್ ಕೋಟು ಬಂತು. ಜೊತೆಗೆ ಹೋಲ್‌ಸೇಲಿನಲ್ಲಿ ತಂದ ನೈಲಾನ್ ಬಾಡಿಗಳ ಗಂಟು. ಅಳತೆ ಎರಡೇ, ಸಣ್ಣದು ಮತ್ತು ದೊಡ್ಡದು. ಮೂಗಿಗೆ ಕಟ್ಟಿಕೊಳ್ಳಲು ಬೇಕಿದ್ದವರಿಗೆ ಎದೆಗೆ ಕಟ್ಟಿಕೊಳ್ಳಲು ಕೊಟ್ಟರು.

ಹದಿನೆಂಟರ ಉಚ್ಚಮ್ಮನಿಗೆ ಪಟ್ಟಿಯ ಕೆಳಗೆ ಬೆವರುಸಾಲೆ ಎದ್ದಿತು. ಕೆರೆದು ಕೆರೆದು ನೀರಾಡಿತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹೆಂಗಸರ ಮಾತೆಲ್ಲ ಅದೇ.

"ಹಾಕ್ಕಂಡು ಹಾಕ್ಕಂಡು ಎದಿಯಾಗ ಕ್ಯಾನ್ಸರ್ ಗಡ್ಡಿ ಆಕ್ಕಾವಂತ."

"ಹಾಕ್ಕಳ್ಳದಿದ್ರ ಜೋತು ಬೀಳ್ತಾವಂತ."

"ಯಾರ ಹೇಳಿದ್ರು?"

"ಫೋನಿನಾಗ ಬಂದಿತ್ತು."

ವೀರಬಸಮ್ಮ ಆ ಗುಂಪಿಗೇ ಹಿರಿಯಳು, ಮೈಕೈ ತುಂಬಿದವಳು. ಆಕೆ ರೊಟ್ಟಿ ಮುರಿಯುತ್ತಾ ಅಂದಳು, "ನಂಗಂತೂ ಬೇಕೇ ಬೇಕವ್ವಾ. ಇಲ್ಲಾಂದ್ರ ಸಂಜೀಕ ಹೆಗಲು, ಬೆನ್ನು ಹರಿದು ಹೊಕ್ಕಾವ. ಆದ್ರ ನಂದು ಅಗಲ ಪಟ್ಟೀದು, ಅರಿವೀದು, ಬಜಾರದಾಗ ಅಳತಿ ನೋಡಿ ತರ್ತೀನಿ. ಇವ್ರು ಕೊಟ್ಟಿದ್ದು ಮೈಮ್ಯಾಲೆ ಹಾಕ್ಕಳ್ಳೋದೇನು? ಗೋಣಿಚೀಲದ ಬಾಯಿ ಕಟ್ಟೋದು."

ಎಲ್ಲರೂ ನಕ್ಕರು. ಶಿವಲಕ್ಷ್ಮಿ ನಗಲಿಲ್ಲ.

ಆಕೆಯದು ಐದು ತಿಂಗಳ ಬಾಣಂತಿ ಮೈ. ಬೆಳಿಗ್ಗೆ ಮಗುವಿಗೆ ಕುಡಿಸಿ ಅತ್ತೆ ಶೇಷಮ್ಮನ ಕೈಗೆ ಕೊಟ್ಟು ಬಂದರೆ ಮತ್ತೆ ಕುಡಿಸುವುದು ಸಂಜೆಗೆ. ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಾಗುತ್ತಿತ್ತು. ಮೊದಲಾಗಿದ್ದರೆ ಹತ್ತಿಕಾಳಿನ ರಾಶಿಯ ಹಿಂದೆ ಹೋಗಿ, ಸಡಿಲ ಕುಪ್ಪಸ ಎತ್ತಿ, ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದಳು. ಈಗ ಕೋಟಿನ ಗುಂಡಿ, ಕುಪ್ಪಸದ ಹುಕ್ಕು, ಅದರೊಳಗೆ ಬೆನ್ನಿಗೆ ಬಿಗಿದ ಬಾಡಿ. ಬಿಚ್ಚಿ ತೊಡುವಷ್ಟರಲ್ಲಿ ಚೇತನಾ ಕೂಗುತ್ತಿದ್ದಳು. ಹೋಗುವುದನ್ನೇ ಬಿಟ್ಟಳು. ಹಾಲು ಒಳಗೇ ನಿಂತಿತು.

ಎಡಗಡೆ ಒಂದು ಗಂಟು ಕೈಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಗಂಟಿನ ಮೇಲೆ ಚರ್ಮ ಕೆಂಪಾಯಿತು, ಸುಟ್ಟಂತೆ ಉರಿಯತೊಡಗಿತು. ಒಂದು ಮಧ್ಯಾಹ್ನ ಬುಟ್ಟಿ ಹೊತ್ತು ಬರುತ್ತಿದ್ದವಳಿಗೆ ಚಳಿ ಹತ್ತಿತು. ಆ ಕಾದ ಶೀಟಿನ ಕೆಳಗೆ, ಎಲ್ಲರೂ ಬೆವರುತ್ತಿದ್ದಾಗ, ಶಿವಲಕ್ಷ್ಮಿ ಗಡಗಡ ನಡುಗಿ ಹತ್ತಿಯ ರಾಶಿಯ ಮೇಲೆ ಕುಸಿದಳು.

ವೀರಬಸಮ್ಮ ಆಕೆಯನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದಳು. ತೆಲುಗಿನ ಡಾಕ್ಟರಮ್ಮ ಪರದೆ ಎಳೆದು, ಕುಪ್ಪಸ ಬಿಚ್ಚಿಸಿದಳು. ಎದೆಯ ಕೆಳಗೆ ಹಗ್ಗ ಕಟ್ಟಿ ಬಿಚ್ಚಿದಂತೆ ಒಂದು ಗೀರು, ಅದರ ಮೇಲೆ ಕೆಂಪು ಬಾವು.

"ಅಯ್ಯೋ, ಪಾಲು ಕಟ್ಟೇಸಿಂದಿ. ಹಾಲು ಕಟ್ಟಿದೆ ಅಮ್ಮಾ, ಸೋಂಕು ಆಗಿದೆ. ಇನ್ನಾ ಲೇಟ್ ಆಗಿದ್ರೆ ಕೀವು ತುಂಬಿ ಕೊಯ್ಯಬೇಕಾಗ್ತಿತ್ತು. ಇಂಥಾ ಬಿಗೀದು ಎಂದ್ಕು, ಯಾಕೆ ಹಾಕ್ಕೊಂಡಿ?"

"ಹಾಕ್ಕಂಡ್ರ ಕ್ಯಾನ್ಸರ್ ಆಕ್ಕತಂತ, ಖರೇನಾ ಮೇಡಂ?" ವೀರಬಸಮ್ಮ ನಡುವೆ ಬಾಯಿ ಹಾಕಿದಳು.

"ಅದೆಲ್ಲ ಸುಳ್ಳಮ್ಮಾ. ಹಾಕ್ಕೊಂಡ್ರೆ ಕ್ಯಾನ್ಸರ್ ಬರಲ್ಲ. ಹಾಕ್ಕೊಳ್ಳದಿದ್ರೂ ಏನೂ ಆಗಲ್ಲ. ನಿಮ್ಮಂಥವರಿಗೆ ಸರಿಯಾದ ಅಳತೇದು ಇದ್ರೆ ಬೆನ್ನಿಗೆ ಸುಖ. ಈ ಅಮ್ಮಾಯಿಗೆ ಈಗ ಇದು ಬೇಡ. ಮಾತ್ರೆ ಕೊಡ್ತೀನಿ. ಆ ಕಡೇದೂ ಮಗುಗೆ ಕುಡಿಸ್ತಾ ಇರು, ನಿಲ್ಲಿಸಬೇಡ. ಸಡಿಲ ಬಟ್ಟೆ ಹಾಕ್ಕೋ. ಯಾರಮ್ಮಾ ಹಾಕ್ಕೋ ಅಂದಿದ್ದು, ನಿಮ್ಮತ್ತೇನಾ?"

"ಮಿಲ್ಲಿನ ಸಾವುಕಾರ," ಎಂದಳು ಶಿವಲಕ್ಷ್ಮಿ.

ಡಾಕ್ಟರಮ್ಮನ ಪೆನ್ನು ನಿಂತಿತು. "ಸಾಹುಕಾರಾ? ಆಯನಕೇಂ ಪನಿ?" ಎಂದಳು.

ಆ ಮಾತು ಶಿವಲಕ್ಷ್ಮಿಯ ತಲೆಯಲ್ಲಿ ಕೂತುಬಿಟ್ಟಿತು. ಅವನಿಗೇನು ಕೆಲಸ? ಜ್ವರ ಇಳಿಯುವ ತನಕ, ಮಗು ಆ ಎದೆಗೆ ಬಾಯಿ ಹಾಕಿದಾಗ ನೋವಿಗೆ ಹಲ್ಲು ಕಚ್ಚಿಕೊಂಡು, ಅದನ್ನೇ ಯೋಚಿಸಿದಳು. ಕೆಲಸಕ್ಕೆ ಹೊರಟ ದಿನ ಮೆತ್ತನೆಯ ಹಳೆ ಕುಪ್ಪಸ ತೊಟ್ಟಳು. ಒಳಗೆ ಏನೂ ಇಲ್ಲ.

ಗಂಡ ಆಂಜಿ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಬಾಗಿಲಲ್ಲಿ ತಡೆದ. "ಸೀಸನ್ ಮುಗೀಲಿಕ್ಕೆ ಬಂದೈತಿ. ಹೆಂಗರ ಹಾಕ್ಕಂಡು ಹೋಗಿಬಿಡು. ಯಾಕ ತಕರಾರು?"

"ನೀ ಚೀಲ ಹೊರೋವಾಗ ಅಂಗಿ ತಗದು ಗ್ವಾಡೀಗೆ ಹಾಕ್ತಿ. ಯಾಕ?"

"ಶಕಿ ಆಕ್ಕತಿ."

"ಯಾರರ ಬಂದು ನಿನ್ನ ಬೆನ್ನು ಮುಟ್ಟಿ ನೋಡ್ಯಾರೇನು, ಅಂಗಿ ಎಲ್ಲೈತಿ ಅಂತ?"

ಆಂಜಿ ಬಾಗಿಲು ಬಿಟ್ಟು ಸರಿದ. ಮಗುವನ್ನು ಎತ್ತಿಕೊಂಡಿದ್ದ ಶೇಷಮ್ಮ, "ನಾ ಹುಟ್ಟಿದಾಗಿಂದ ಹಾಕಿಲ್ಲ. ನನಗೇನಾಗೇತಿ? ನಡಿ, ಕೂಸಿನ್ನ ಆಮ್ಯಾಲೆ ನಾನೇ ಅಲ್ಲಿಗೆ ತರ್ತೀನಿ" ಎಂದಳು.

ಗೇಟಿನಲ್ಲಿ ಸಾಲು ನಿಂತಿತ್ತು. ಶಿವಲಕ್ಷ್ಮಿಯ ಸರದಿ ಬಂತು. ಚೇತನಾ ಕೈ ಎತ್ತಿದಳು. ಶಿವಲಕ್ಷ್ಮಿ ಬೆನ್ನು ಕೊಡಲಿಲ್ಲ. ಎದುರಿಗೇ ನಿಂತಳು.

"ಮುಟ್ಟಬ್ಯಾಡ. ನಾನೇ ಹೇಳ್ತೀನಿ, ಹಾಕಿಲ್ಲ."

"ಹಂಗಾದ್ರ ಮನೀಗ್ ನಡಿ. ನಂದೇನಿಲ್ಲಕ್ಕಾ, ಸಾರ್ ಆರ್ಡರ್." ಆಲೂರಿನ ಡಿಗ್ರಿ ಓದಿದ ಹುಡುಗಿ ಚೇತನಾ. ಮಾತಾಡುವಾಗ ಕಣ್ಣು ನೆಲದ ಮೇಲಿತ್ತು.

"ನಿಮ್ಮ ಸಾರನ್ನ ಕರಿ."

ಹಿಂದಿನಿಂದ ವೀರಬಸಮ್ಮ ಬಂದು ಶಿವಲಕ್ಷ್ಮಿಯ ಪಕ್ಕ ನಿಂತಳು. ಚೇತನಾ ಅಭ್ಯಾಸಬಲದಿಂದ ಆಕೆಯ ಬೆನ್ನಿಗೆ ಕೈ ಚಾಚಿದಳು. ವೀರಬಸಮ್ಮ ಆ ಕೈಯನ್ನು ತಳ್ಳಿದಳು.

"ನಾ ಹಾಕ್ಕಂಡೀನಿ. ನನ್ನ ಬೆನ್ನಿಗೆ ಬೇಕಂತ ಹಾಕ್ಕಂಡೀನಿ, ನಿಮ್ಮ ಸಾರಿಗಲ್ಲ. ಇವತ್ತಿಂದ ನನ್ನೂ ಮುಟ್ಟಬ್ಯಾಡ."

ಸಾಲು ಒಡೆಯಿತು. ಉಚ್ಚಮ್ಮ ಬಂದಳು. ಇನ್ನೊಬ್ಬಳು, ಮತ್ತೊಬ್ಬಳು. ಒಳಗಿದ್ದವರೂ ಬುಟ್ಟಿ ಇಳಿಸಿ ಹೊರಗೆ ಬಂದರು. ಹತ್ತಿ ಕೊಡುವ ಕೈಗಳಿಲ್ಲದೆ ಯಂತ್ರಗಳು ಸುಮ್ಮನೆ ಕಟಕಟ ಹಲ್ಲು ಕಡಿದವು. ಸ್ವಲ್ಪ ಹೊತ್ತಿಗೆ ಯಾರೋ ಸ್ವಿಚ್ಚು ಆರಿಸಿದರು.

ವಾಗೀಶ್ ಕಾರಿನಿಂದಿಳಿದ. ಹೊರಗೆ ಹತ್ತಿ ತುಂಬಿದ ಲಾರಿಗಳು ನಿಂತಿದ್ದವು. ಕೈ ಗಡಿಯಾರ ನೋಡಿಕೊಂಡ.

"ಏನಿದು ಸಣ್ಣ ವಿಷಯಕ್ಕ? ನಿಮ್ಮ ಮಾನಕ್ಕಂತನೇ ಮಾಡಿದ್ದು. ಒಳಗ ಗಂಡಸ್ರು ಇರ್ತಾರ. ಅವ್ರ ಕಣ್ಣು ಬೀಳಬಾರ್ದಲ್ಲ?"

"ಕಣ್ಣು ಅವ್ರದು. ಅವ್ರಿಗೆ ಹೇಳ್ರಿ," ಎಂದಳು ಶಿವಲಕ್ಷ್ಮಿ. "ನನ್ನ ಎದಿ ಯಾಕ ಕಟ್ಟಸ್ತೀರಿ?"

ವಾಗೀಶನ ಮುಖ ಕೆಂಪಾಯಿತು. ಒಬ್ಬ ಹೆಂಗಸಿನ ಬಾಯಲ್ಲಿ ಆ ಮಾತು, ಅದೂ ರಸ್ತೆಯಲ್ಲಿ. ಆದರೆ ಲಾರಿಗಳು ಕಾಯುತ್ತಿದ್ದವು. ದನಿ ಇಳಿಸಿದ.

"ನಿನಗ ಹುಷಾರಿರಲಿಲ್ಲ ಅಂತ ಗೊತ್ತಾತು. ಒಂದು ಕೆಲಸ ಮಾಡು. ಡಾಕ್ಟ್ರ ಕಡಿಂದ ಒಂದು ಚೀಟಿ ತಾ. ನಿನ್ನ ಬಿಟ್ಟಬಿಡ್ತೀವಿ. ನಿನ್ನ ಯಾರೂ ಮುಟ್ಟಂಗಿಲ್ಲ. ಆತಲ್ಲ?"

ಎಲ್ಲರೂ ಶಿವಲಕ್ಷ್ಮಿಯ ಕಡೆ ನೋಡಿದರು. ಆ ಡಾಕ್ಟರಮ್ಮ ಕೇಳಿದರೆ ಒಂದು ನಿಮಿಷದಲ್ಲಿ ಬರೆದುಕೊಡುವಳು. ಅದು ಶಿವಲಕ್ಷ್ಮಿಗೆ ಗೊತ್ತಿತ್ತು. ಕೂಲಿ ಉಳಿಯುತ್ತದೆ, ಎದೆಯೂ ಉಳಿಯುತ್ತದೆ. ಒಂದು ಗಳಿಗೆ ನಾಲಿಗೆಯ ತುದಿಗೆ 'ಹೂಂ' ಬಂದೇ ಬಂತು. ಪಕ್ಕದಲ್ಲಿ ಉಚ್ಚಮ್ಮ ಕೋಟಿನ ಮೇಲಿಂದಲೇ ಪಕ್ಕೆ ಕೆರೆದುಕೊಳ್ಳುತ್ತಿದ್ದಳು.

"ಈ ಹುಡುಗಿ ಮೈಯೆಲ್ಲ ಕಿತ್ತು ಹೋಗೇತಿ. ಈಕಿಗೂ ಚೀಟಿ ಬೇಕೇನ್ರಿ?"

"ಅದು ಆಮ್ಯಾಲೆ ನೋಡೋಣು."

"ಮೈ ನಮ್ಮದೈತಿ. ಏನು ಬೇಕು, ಏನು ಬ್ಯಾಡ ಅಂತ ನಾವು ಹೇಳಿದ್ರ ಸಾಲದೇನು? ನಾ ಚೀಟಿ ತರಂಗಿಲ್ಲ."

ಹೇಳಿ, ಗೇಟಿನೆದುರು ಬೇವಿನ ಮರದ ಕೆಳಗೆ ಕೂತಳು. ಉಳಿದವರೂ ಕೂತರು. ವಾಗೀಶ್ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋದ.

ಬಿಸಿಲು ಏರುವ ಹೊತ್ತಿಗೆ ಕೋಸಗಿ ಕಡೆಯಿಂದ ವಾಗೀಶ್ ಕರೆಸಿದ ಒಂದು ಟೆಂಪೋ ಬಂತು. ಅದರ ತುಂಬ ಹೆಂಗಸರು. ಊರಲ್ಲಿ ಕೆಲಸವಿಲ್ಲದೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಮಂದಿ. ಇಲ್ಲೇ ಕೆಲಸವಿದೆ ಎಂದರೆ ಬಿಡುತ್ತಾರೆಯೇ?

ವೀರಬಸಮ್ಮ ಎದ್ದು ನಿಂತು ಕೂಗಿದಳು. "ಯವ್ವಾ, ಕೆಲಸ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ನಿಮಗೂ ಹೊಟ್ಟಿ ಐತಿ. ಆದ್ರ ಒಳಗ ಬಿಡೋ ಮುಂಚೆ ಜಂಪರ್ ಮ್ಯಾಲೆ ಕೈಯಾಡಿಸಿ ನೋಡ್ತಾರ, ಒಳಗ ಬಾಡಿ ಐತೋ ಇಲ್ಲೋ ಅಂತ. ತಿಳಕೊಂಡು ಹೋಗ್ರಿ!"

ಟೆಂಪೋದಿಂದ ಮೊದಲು ಇಳಿದವಳು ಎರ್ರಮ್ಮ. ಆ ಗುಂಪನ್ನು ಕರೆತಂದವಳು, ತಲೆ ನರೆತವಳು, ಬರಿಯ ಸೆರಗು ಕುಪ್ಪಸದವಳು. ಮರದ ಕಡೆ ಒಮ್ಮೆ, ಗೇಟಿನ ಕಡೆ ಒಮ್ಮೆ ನೋಡಿದಳು. ನಂಬಿಕೆ ಬಂದಂತೆ ಕಾಣಲಿಲ್ಲ. ಗೇಟಿಗೆ ಹೋದಳು.

"ತಿರುಗಮ್ಮಾ," ಎಂದು ಚೇತನಾ ಕೈ ಚಾಚಿದಳು.

ಎರ್ರಮ್ಮ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಗಟ್ಟಿಯಾಗಿ ಹಿಡಿದಳು.

"ಖರೇನಾ ಮಗಳ? ಇದನ್ನ ಮಾಡಾಕ ಓದಿಸ್ಯಾರೇನು ನಿನ್ನ?"

ಚೇತನಾ ಕೈ ಬಿಡಿಸಿಕೊಳ್ಳಲಿಲ್ಲ.

"ಕೂಲಿಗೆ ಬಂದೀವಿ. ಸಂತೀಗೆ ಹೊಡಕೊಂಡು ಬಂದ ದನ ಅಲ್ಲ ನಾವು, ಕೈಯಾಡಿಸಿ ನೋಡಾಕ." ಎರ್ರಮ್ಮ ಕೈ ಬಿಟ್ಟು ತನ್ನವರ ಕಡೆ ತಿರುಗಿದಳು. "ದಾ, ದಾ, ಎಲ್ರೂ ಬರ್ರಿ. ನೆಳ್ಳಾಗ ಕುಂದ್ರೋಣು."

ಬೇವಿನ ನೆರಳು ಸಾಲಲಿಲ್ಲ. ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಯಾರೋ ನೀರಿನ ಬಾಟಲಿ ದಾಟಿಸಿದರು. ಚೇತನಾ ಗೇಟಿನ ಕಂಬಕ್ಕೆ ಒರಗಿ ತನ್ನ ಅಂಗೈ ನೋಡಿಕೊಳ್ಳುತ್ತಾ ನಿಂತಳು. ಆಮೇಲೆ ಕೊರಳಿನ ಐಡಿ ಕಾರ್ಡು ತೆಗೆದು ಚೀಲಕ್ಕೆ ಹಾಕಿದಳು. ಮರದ ಕಡೆ ಬರಲಿಲ್ಲ. ಒಳಗೂ ಹೋಗಲಿಲ್ಲ.

ಮಾತಿನಂತೆ ಶೇಷಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. ಹಸಿದ ಮಗು ಅತ್ತು ಅತ್ತು ಬೆವತಿತ್ತು. ಶಿವಲಕ್ಷ್ಮಿ ಅದನ್ನು ತೊಡೆಗೆ ಹಾಕಿಕೊಂಡು ಕುಪ್ಪಸದ ಕೆಳಗಿನ ಎರಡು ಹುಕ್ಕು ಬಿಚ್ಚಿದಳು. ನೋಯುವ ಎಡಗಡೆಗೇ ಹಿಡಿದಳು. ಮೊದಲ ಎಳೆತಕ್ಕೆ ಕಣ್ಣು ಕತ್ತಲಾಯಿತು. ಆಮೇಲೆ ಹಾಲು ಇಳಿಯಿತು, ಬಿಗಿದದ್ದೆಲ್ಲ ಮೆಲ್ಲಗೆ ಸಡಿಲವಾಯಿತು.

ವಾಗೀಶ್ ಗೇಟಿನಿಂದ ಹೊರಗೆ ಬಂದವನು ಥಟ್ಟನೆ ಮುಖ ತಿರುಗಿಸಿದ.

"ಏಯ್, ಮುಚ್ಚಿಕೊಳ್ಳಮ್ಮ! ಇಲ್ಲಿ ಗಂಡಸ್ರು ಅದೀವಿ."

ಶಿವಲಕ್ಷ್ಮಿ ಸೆರಗು ಸರಿಪಡಿಸಿಕೊಳ್ಳಲಿಲ್ಲ. ಮಗುವಿನ ತಲೆ ಸವರುತ್ತಾ, ಇದ್ದ ದನಿಯಲ್ಲೇ ಹೇಳಿದಳು.

"ಹಂಗಾದ್ರ ನೀವು ಒಳಗ ಹೋಗ್ರಿ."