ಕಾಯುತ್ತಲೇ ಸಮಾಧಾನಗೊಂಡವರು

ಫಿರಂಗಿ ಒಂದೇ ಮಧ್ಯಾಹ್ನದಲ್ಲಿ, ಎರಡು ಕಿವಿಗೆ ಎರಡು ಫೋನು ಒತ್ತಿ, ಮೂರನೆಯದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬದುಕು ಸಾಕೆಂದು ಹೊರಟಿದ್ದ ನಾನೂರ ಹನ್ನೆರಡು ಮಂದಿಯನ್ನು ಊಟಕ್ಕೆ ಮನೆಗೆ ವಾಪಸು ಕಳಿಸಿದ್ದ. ಅವರಲ್ಲಿ ಇಬ್ಬರು ಗ್ಯಾಸ್ ಬುಕ್ ಮಾಡಲು ಹೋಗಿ ತಪ್ಪು ನಂಬರು ಒತ್ತಿದವರು. ಅವರನ್ನೂ ಬಿಡಲಿಲ್ಲ, ಬದುಕಿಸಿಯೇ ಬಿಟ್ಟ. ನಾನೂರ ಹದಿಮೂರನೆಯವನಂತೂ ಫೋನಿಗೆ ಕೈ ಹಾಕುವ ಮೊದಲೇ ಸರಿಹೋದನಂತೆ, ಫಿರಂಗಿ ಗಂಟಲು ಸರಿಮಾಡಿಕೊಂಡ ಸದ್ದು ಅಷ್ಟು ದೂರಕ್ಕೆ ಕೇಳಿಸಿ.

ಇದನ್ನು ನಂಬದವರು ಸಹಾಯವಾಣಿಯ ಆ ಕೊಠಡಿಯಲ್ಲಿ ಇಬ್ಬರಿದ್ದರು. ಅವನನ್ನು ಬಿಟ್ಟರೆ ಅಲ್ಲಿ ಇದ್ದವರೂ ಇಬ್ಬರೇ.

ಒಬ್ಬರು ನರ್ಸಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ನಿವೃತ್ತರಾದ ಮೇಲೆ ಈ ಸಹಾಯವಾಣಿಗೆ ಮುಖ್ಯಸ್ಥೆಯಾಗಿ ಬಂದು ಮಾತಿನಲ್ಲಿ ಚುಚ್ಚುತ್ತಿದ್ದರು. ಇನ್ನೊಬ್ಬರು ಮೇಷ್ಟ್ರು. ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಬಾಯಿ ಬಿಡದ ಮನುಷ್ಯ. ಕಟ್ಟಡದ ಕೆಳಮಹಡಿಯಲ್ಲಿ ಬೆಂಕಿ, ಅಪಘಾತ, ಆಂಬುಲೆನ್ಸಿಗೆ ತುರ್ತು ಕರೆಗಳ ವಿಭಾಗ. ಮೇಲಿನ ಮಹಡಿಯಲ್ಲಿ ಜೀವ ಬೇಸತ್ತವರ ಕರೆಗಳಿಗೆ ಇವರು. ಎಂಟು ಮೇಜು, ಎಂಟು ಫೋನು, ಮೂರು ಜನ. ಉಳಿದ ಐದು ಹೆಡ್‌ಫೋನುಗಳು ಪ್ಲಾಸ್ಟಿಕ್ ಕವರು ತೊಟ್ಟುಕೊಂಡು ಮೊಳೆಗೆ ನೇತಾಡುತ್ತಿದ್ದವು. ಕರೆ ಮಾಡಿದವರು ಸರದಿ ಬರುವ ತನಕ ಕೊಳಲಿನ ಸಂಗೀತ ಕೇಳುತ್ತ ಕಾಯಬೇಕು. ಎಷ್ಟು ಜನ ಕಾಯುತ್ತಿದ್ದಾರೆಂದು ಗೋಡೆಯ ಮೇಲಿನ ಫಲಕದಲ್ಲಿ ಕೆಂಪು ಅಂಕಿ ಉರಿಯುತ್ತಿತ್ತು. ಫಿರಂಗಿ ಅದರ ಮೇಲೊಂದು ಹಳೆಯ ಕ್ಯಾಲೆಂಡರು ನೇತುಹಾಕಿದ್ದ. "ಅದನ್ನ ನೋಡ್ತಾ ಕೂತ್ರೆ ಮಾತಾಡೋ ನಾಲಿಗೆ ಒಣಗುತ್ತೆ" ಎಂಬುದು ಅವನ ವಾದ. ನರ್ಸಮ್ಮ ಅದಕ್ಕೆ ಮಾತ್ರ ಎದುರಾಡಿರಲಿಲ್ಲ.

ಫಿರಂಗಿಯ ನಿಜವಾದ ಪ್ರತಾಪ ಇದ್ದದ್ದು ವರದಿ ಬರೆಯುವುದರಲ್ಲಿ. ತಿಂಗಳ ಕೊನೆಗೆ ಅನುದಾನ ಇಲಾಖೆಗೆ ಕಳಿಸುವ ವರದಿಯಲ್ಲಿ ಪ್ರತಿಯೊಂದು ಕರೆಯ ಮುಂದೆಯೂ ಪರಿಣಾಮ ಏನಾಯಿತೆಂದು ನಮೂದಿಸಬೇಕು. 'ಸಮಾಧಾನಗೊಂಡರು', 'ಆಸ್ಪತ್ರೆಗೆ ಕಳಿಸಲಾಯಿತು', 'ತುರ್ತು ವಿಭಾಗಕ್ಕೆ ದಾಟಿಸಲಾಯಿತು'. ಮೂರೇ ಕಲಮುಗಳು. ಕಾದು ಕಾದು, ಯಾರೂ ಎತ್ತದೆ, ಫೋನಿಟ್ಟವರಿಗೆ ಕಲಮು ಇರಲಿಲ್ಲ. ಖಾಲಿ ಬಿಟ್ಟರೆ ಕಂಪ್ಯೂಟರು ವರದಿಯನ್ನು ನುಂಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ನರ್ಸಮ್ಮ ಕೈಬರಹದಲ್ಲಿ 'ಉತ್ತರಿಸಲಾಗಲಿಲ್ಲ' ಎಂದು ಬರೆದು ಕಳಿಸಿದ್ದಕ್ಕೆ, ನಿಮ್ಮ ಕಾರ್ಯಕ್ಷಮತೆ ಸಾಲದು ಎಂದು ಇಲಾಖೆ ಇಬ್ಬರನ್ನು ಕಿತ್ತುಕೊಂಡಿತ್ತು.

ಆಗ ಫಿರಂಗಿ ಅಂಗಿಯ ತೋಳು ಮಡಿಸಿದ. ಮೊದಲ ಕಲಮಿನ ಹೊಟ್ಟೆಯೊಳಗೆ ಇನ್ನೊಂದು ಮರಿ ಕಲಮು ಸೃಷ್ಟಿಸಿದ: 'ಕಾಯುತ್ತಲೇ ಸಮಾಧಾನಗೊಂಡವರು'. ಕಂಪ್ಯೂಟರು ಗುಟುಕ್ ಎಂದು ನುಂಗಿತು.

"ಇದೇನಪ್ಪಾ ಇದು?" ಎಂದಿದ್ದರು ನರ್ಸಮ್ಮ, ಸಹಿ ಹಾಕುವ ಮೊದಲು.

"ಇಟ್ರಲ್ಲ ಮೇಡಂ ಫೋನು. ಸಮಾಧಾನ ಆಗದೆ ಯಾರಾದ್ರೂ ಇಡ್ತಾರಾ?"

"ನಿನ್ನ ಬಾಯಿಗೆ ಬೀಗ ಹಾಕೋ ಕೀಲಿಕೈ ಇನ್ನೂ ತಯಾರಾಗಿಲ್ಲ" ಎಂದು ಸಹಿ ಹಾಕಿದ್ದರು. ಇಬ್ಬರು ಹೋದದ್ದೇ ಸಾಕಾಗಿತ್ತು ಅವರಿಗೆ.

ಈ ಪ್ರತಾಪಗಳೆಲ್ಲ ಪ್ರತಿ ಭಾನುವಾರ ಅಕ್ಕನ ಮನೆಯಲ್ಲಿ ಇನ್ನೆರಡು ಮೊಳ ಉದ್ದವಾಗುತ್ತಿದ್ದವು. ತಾಯಿ ಹೋದಾಗ ಫಿರಂಗಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅವನಿಗೆ ಜಡೆ ಹಾಕುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಅವಳೇ ಮಾಡಿದ್ದಳು. ಈಗ ಬಸ್ ನಿಲ್ದಾಣದಲ್ಲಿ ಪಾಸು ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದಳು. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಭಾನುವಾರ ಫಿರಂಗಿ ಹೋಗಿ ಅವಳ ಅಡುಗೆಮನೆಯ ಕಟ್ಟೆ ಏರಿ ಕುಳಿತು ಶುರು ಮಾಡಿದರೆ, ಅವಳು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಒಬ್ಬಂಟಿ ಹೆಂಗಸನ್ನು ಅಷ್ಟು ನಗಿಸುವ ತಮ್ಮ ಏಳು ಲೋಕದಲ್ಲಿ ಇನ್ನೊಬ್ಬನಿಲ್ಲವೆಂದು ಫಿರಂಗಿ ಎದೆ ಉಬ್ಬಿಸಿ ಮನೆಗೆ ಬರುತ್ತಿದ್ದ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಅನುದಾನದ ಅಧಿಕಾರಿ ಬಂದರು. ಐದು ಖಾಲಿ ಮೇಜಿಗೆ ಐದು ಜನರನ್ನು ಕೊಡಬೇಕೆಂದು ನರ್ಸಮ್ಮ ಹಾಕಿದ್ದ ಅರ್ಜಿ ಅವರ ಕೈಯಲ್ಲಿತ್ತು. ಸಪೂರ ಮನುಷ್ಯ, ಮೆದು ಮಾತು, ಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟವನ್ನು ತಾವೇ ಪಕ್ಕಕ್ಕಿಡುವಂಥವರು. ಐದು ಜನ ಸಿಕ್ಕರೆ ಸರದಿ ಕರಗುತ್ತದೆ. ಸಿಗದಿದ್ದರೆ ಇನ್ನೊಂದು ವರ್ಷ ಮೂವರೇ. ಹಾಗಾಗಿ ನರ್ಸಮ್ಮ ತಮ್ಮ ಅತಿ ದೊಡ್ಡ ಆಯುಧವನ್ನೇ ಅಧಿಕಾರಿಯ ಎದುರಿಗೆ ಕೂರಿಸಿದರು.

ಫಿರಂಗಿ ಸಿಡಿದ. ಸಂಸ್ಥೆಯ ಚರಿತ್ರೆ, ಕರೆ ಮಾಡಿದವರ ಕಣ್ಣೀರು, ಕೊಳಲಿನ ಮಹಿಮೆ. ಒಂದೂವರೆ ಗಂಟೆಯಲ್ಲಿ ಅವನು ಉಸಿರೆಳೆದದ್ದು ನಾಲ್ಕು ಸಲ, ಅದರಲ್ಲಿ ಒಂದು ಆಕಳಿಕೆ. ಪಕ್ಕದಲ್ಲಿ ನರ್ಸಮ್ಮ, ಮೇಷ್ಟ್ರು ಒಂದು ಕರೆ ಇಟ್ಟು ಇನ್ನೊಂದು ಎತ್ತುತ್ತಿದ್ದರು. ಅವನ ಮೇಜಿನ ಫೋನಿನ ದೀಪ ಮಿನುಗುತ್ತಲೇ ಇತ್ತು.

ಅಧಿಕಾರಿ ವರದಿಯ ಮೇಲೆ ಬೆರಳಿಟ್ಟರು.

"ಹೋದ ತಿಂಗಳು ಬಂದ ಕರೆ ಮೂರು ಸಾವಿರದ ಆರುನೂರ ತೊಂಬತ್ತಾರು. ನೀವು ಮಾತಾಡಿದ್ದು ಒಂದು ಸಾವಿರದ ಎಂಬತ್ತು. ಉಳಿದ ಎರಡು ಸಾವಿರದ ಆರುನೂರ ಹದಿನಾರು ಜನ ಕಾಯುತ್ತಲೇ ಸಮಾಧಾನಗೊಂಡವರು. ಹೌದಾ?"

"ಹೌದು ಸಾರ್. ಆ ಕೊಳಲಿದೆಯಲ್ಲ..."

"ಅಂದ್ರೆ ಹತ್ತರಲ್ಲಿ ಏಳು ಜನಕ್ಕೆ ನಿಮ್ಮ ಅಗತ್ಯವೇ ಬೀಳ್ತಿಲ್ಲ." ಅವರು ಬಹಳ ಪ್ರಾಮಾಣಿಕವಾಗಿ ಸಂತೋಷಪಟ್ಟಿದ್ದರು. "ನಾನು ಬೇರೆ ಎಲ್ಲೂ ಇಂಥದ್ದು ಕಂಡಿಲ್ಲ. ಐದು ಜನರ ಮಾತು ಬಿಡಿ, ಇರೋ ಮೂವರೇ ಹೆಚ್ಚಾದ್ರೇನೋ. ಇಬ್ಬರನ್ನ ಇಟ್ಕೊಂಡು ಸಂಗೀತದ ವ್ಯವಸ್ಥೆ ಇನ್ನೂ ಚೆನ್ನಾಗಿ ಮಾಡ್ಸೋಣ. ಉಳಿದ ಒಂದು ಹುದ್ದೆ ಕೆಳಗಿನ ತುರ್ತು ವಿಭಾಗಕ್ಕೆ ಹೋಗ್ಲಿ, ಅಲ್ಲಿ ಪಾಪ ಜನ ಸಾಲ್ತಿಲ್ಲ."

ನರ್ಸಮ್ಮ ಕರೆಯ ನಡುವೆಯೇ ತಿರುಗಿ ನೋಡಿದರು. ಆ ನೋಟಕ್ಕೆ ಗೋಡೆಯ ಸುಣ್ಣ ಉದುರಬೇಕಿತ್ತು. ಫಿರಂಗಿಯ ಜೀವಮಾನದಲ್ಲೇ ಮೊದಲ ಸಲ ಒಬ್ಬ ಮನುಷ್ಯ ಅವನು ಹೇಳಿದ್ದನ್ನು ಪೂರ್ತಿ ನಂಬಿಬಿಟ್ಟಿದ್ದ.

"ಒಂದೇ ಕೆಲಸ ಬಾಕಿ" ಎಂದರು ಅಧಿಕಾರಿ. "ಈ ಸಮಾಧಾನಗೊಂಡವರಲ್ಲಿ ಮೂರ್ನಾಲ್ಕು ಜನಕ್ಕೆ ಫೋನ್ ಮಾಡಿ. ಅವರ ಎರಡು ಒಳ್ಳೇ ಮಾತು ವರದಿಗೆ ಸೇರಿಸ್ತೀನಿ."

ನರ್ಸಮ್ಮ ತಮ್ಮ ಕರೆ ಮುಗಿಸಿ ಎದ್ದು ಬಂದರು. "ನಾವು ತಿರುಗಿ ಫೋನ್ ಮಾಡಲ್ಲ ಸಾರ್. ಮನೇಲಿ ಬೇರೆ ಯಾರಾದ್ರೂ ಎತ್ತಿಬಿಟ್ರೆ ಅವರ ಗತಿ?"

"ಬೇರೆಯವರು ಎತ್ತಿದ್ರೆ ರಾಂಗ್ ನಂಬರ್ ಅಂತ ಇಟ್ಬಿಡಿ. ಹೆಸರು ಕೇಳಬೇಡಿ. ಹೇಗಿದ್ದೀರಿ ಅಂತ ಅಷ್ಟೇ."

ನರ್ಸಮ್ಮ ಇನ್ನೇನೋ ಹೇಳುವಷ್ಟರಲ್ಲಿ ಫಿರಂಗಿ ಪಟ್ಟಿ ತೆಗೆದಿದ್ದ. ನಾಲ್ಕರಲ್ಲಿ ಒಬ್ಬನಾದರೂ ಹೊಗಳಿಬಿಟ್ಟರೆ, ಅದನ್ನೇ ಹಿಡಿದು ಐದು ಜನರನ್ನು ಗಿಟ್ಟಿಸಿಕೊಳ್ಳಬಹುದೆಂದು ಅವನಿಗೆ ಎಲ್ಲೋ ಒಂದು ಆಸೆ.

ಮೊದಲ ನಂಬರು ಒತ್ತಿ ಸ್ಪೀಕರಿಗೆ ಹಾಕಿದ. ಫೋನು ಬಡಿದುಕೊಂಡು ಬಡಿದುಕೊಂಡು ತಾನಾಗಿ ನಿಂತಿತು.

ಎರಡನೆಯದು. ಒಂದು ಹೆಣ್ಣುದನಿ, ಯಂತ್ರದ್ದು: ನೀವು ಕರೆ ಮಾಡಿದ ಸಂಖ್ಯೆ ಈಗ ಬಳಕೆಯಲ್ಲಿಲ್ಲ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. "ನಂಬರ್ ಬದಲಾಯಿಸಿರ್ತಾರೆ" ಎಂದ ಫಿರಂಗಿ. ಅದನ್ನು ಅವನು ಹೇಳಿದ್ದು ಬಹಳ ಸಣ್ಣ ದನಿಯಲ್ಲಿ.

"ಇದು ನೋಡಿ" ಎಂದರು ಅಧಿಕಾರಿ, ಪೆನ್ನಿನ ತುದಿಯಿಂದ ಪಟ್ಟಿಯ ನಡುವೆ ಒಂದು ಸಾಲು ಮುಟ್ಟಿ. "ಒಂದೇ ದಿನ ಮೂರು ಸಲ ಮಾಡಿದ್ದಾರೆ. ಇವರು ಖಂಡಿತ ಎತ್ತುತ್ತಾರೆ."

ಫಿರಂಗಿ ನಂಬರನ್ನು ನೋಡಿದ. ಊರಿನ ಅರ್ಧ ಜನರ ನಂಬರು ತನಗೆ ಬಾಯಿಪಾಠವೆಂದು ಅವನು ಹೇಳಿಕೊಳ್ಳುತ್ತಿದ್ದ. ನಿಜವಾಗಿ ಬಾಯಿಪಾಠವಿದ್ದದ್ದು ಒಂದೇ ನಂಬರು. ಅದು ಇದು.

ಮತ್ತೊಮ್ಮೆ ನೋಡಿದ. ಕೊನೆಯ ನಾಲ್ಕು ಅಂಕಿ ಬದಲಾಗಲಿಲ್ಲ. ಹೋದ ತಿಂಗಳ ಹನ್ನೊಂದನೇ ತಾರೀಕು, ಮಂಗಳವಾರ, ಮಧ್ಯಾಹ್ನ. ಎರಡು ದಿನ ಮುಂಚೆ ಭಾನುವಾರ ಅವಳು ಅಡುಗೆಮನೆಯಲ್ಲಿ ನಕ್ಕು ಕಣ್ಣೊರೆಸಿಕೊಂಡಿದ್ದಳು. ಆ ಮಂಗಳವಾರ ಅವನು ಇದೇ ಕುರ್ಚಿಯಲ್ಲಿ ಇದ್ದ. ಬೇರೆ ನಂಬರು ಒತ್ತಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಎತ್ತುತ್ತಾಳೋ ಇಲ್ಲವೋ ಎಂಬುದು ತಕ್ಷಣ ತಿಳಿಯಬೇಕಾಗಿತ್ತು. ನಾಲ್ಕು ದಿನದ ಹಿಂದಷ್ಟೇ ಅವಳನ್ನು ಕಂಡು ಬಂದಿದ್ದ ಎಂಬುದು ಆ ಗಳಿಗೆಯಲ್ಲಿ ಅವನ ಸಹಾಯಕ್ಕೆ ಬರಲಿಲ್ಲ.

ಎರಡನೇ ರಿಂಗಿಗೆ ಎತ್ತಿದಳು.

"ಹಲೋ."

ಫಿರಂಗಿಗೆ ಬಾಯಿಗೆ ಬಂದದ್ದು ಅಭ್ಯಾಸದ ಮಾತೇ. "ನಮಸ್ಕಾರ. ಸಹಾಯವಾಣಿಯಿಂದ ಮಾತಾಡ್ತಿದೀನಿ. ಹೋದ ತಿಂಗಳು ತಾವು ಕರೆ ಮಾಡಿದ್ರಿ. ಆಮೇಲೆ ತಮಗೆ... ತಮಗೆ ಸಮಾಧಾನ..."

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು.

"ಪುಟ್ಟಾ, ನೀನಾ?"

ಅಧಿಕಾರಿ ತಲೆ ಎತ್ತಿದರು. ಸ್ಪೀಕರಿನ ಗುಂಡಿಯ ಮೇಲೆ ಫಿರಂಗಿಯ ಬೆರಳಿತ್ತು. ಒತ್ತಿದರೆ ಮಾತು ಅವನೊಬ್ಬನ ಕಿವಿಗೆ ಹೋಗುತ್ತಿತ್ತು. ಅವನು ಬೆರಳು ತೆಗೆದ.

"ಅಕ್ಕ, ನೀನು ಇಲ್ಲಿಗೆ ಫೋನ್ ಮಾಡಿದ್ಯಾ?"

"ಮಾಡಿದ್ದೆ ಕಣೋ. ಮೂರು ಸಲ. ಮೊದಲ್ನೇ ಸಲ ಇಪ್ಪತ್ತು ನಿಮಿಷ ಆ ಕೊಳಲು ಕೇಳ್ದೆ. ಎರಡನೇ ಸಲ ಅರ್ಧ ಗಂಟೆ. ಕೊನೇ ಸಲ ನಲವತ್ತೊಂದು ನಿಮಿಷ. ಗಡಿಯಾರ ನೋಡ್ಕೊಂಡು ಕೂತಿದ್ದೆ. ಆಮೇಲೆ ಬ್ಯಾಟರಿ ಹೋಯ್ತು."

"ನಂಗೇ ಮಾಡಬಹುದಿತ್ತಲ್ಲ. ನನ್ನ ಮೊಬೈಲಿಗೆ."

"ನಿಂಗೆ ಮಾಡಿದ್ರೆ ನೀನು ಮಾತಾಡ್ತಿದ್ದೆ. ನಂಗೆ ಕೇಳೋರು ಬೇಕಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಸಿನ ಕಿಟಕಿಯಲ್ಲಿ ಯಾರಿಗೋ ಬಸ್ಸು ಎಷ್ಟು ಹೊತ್ತಿಗೆಂದು ಹೇಳುವ ಹಾಗೆ ಹೇಳುತ್ತಿದ್ದಳು.

"ಆಮೇಲೆ?" ಎಂದ.

"ಆಮೇಲೆ ಎದ್ದೆ." ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. "ಅಷ್ಟರಲ್ಲಿ ಮೇಲಿನ ಮನೆಯವಳು ಬಾಗಿಲು ತಟ್ಟಿದ್ಲು. ಬಟ್ಟೆ ಒಣಗಿಸೋ ಕ್ಲಿಪ್ಪು ಬೇಕಿತ್ತಂತೆ. ನನ್ನ ಮುಖ ನೋಡಿ ಕ್ಲಿಪ್ಪು ಕೇಳೋದು ಮರೆತು ಒಳಗೆ ಬಂದು ಕೂತ್ಲು. ಸಾಯಂಕಾಲದ ತನಕ ಏಳ್ಲಿಲ್ಲ ಪುಣ್ಯಾತ್ಗಿತ್ತಿ. ಮರುದಿನ ಅವಳೇ ಡಾಕ್ಟರ ಹತ್ರ ಕರ್ಕೊಂಡು ಹೋದ್ಲು. ಮಾತ್ರೆ ತಗೋತಿದೀನಿ. ವಾರಕ್ಕೊಂದು ಸಲ ಹೋಗಿ ಮಾತಾಡಿ ಬರ್ತೀನಿ. ಈಗ ಪರವಾಗಿಲ್ಲ, ನಿಜವಾಗ್ಲೂ."

"ಭಾನುವಾರ ಬಂದಾಗ ಒಂದು ಮಾತು ಹೇಳಬಾರದಾ ಅಕ್ಕ."

"ನೀನು ಮಧ್ಯ ಉಸಿರು ತಗೊಂಡ್ರೆ ತಾನೇ ಹೇಳೋದು."

ಮೇಷ್ಟ್ರು ಒಂದು ಕರೆ ಮುಗಿಸಿ ಇನ್ನೊಂದನ್ನು ಎತ್ತಿದರು.

"ಸಮಾಧಾನ ಅಂತ ಏನೋ ಅಂದ್ಯಲ್ಲ" ಎಂದಳು ಅಕ್ಕ. "ಏನು ಬರ್ಕೊಂಡಿದೀರಿ ನನ್ನ ನಂಬರಿನ ಮುಂದೆ? ಓದು."

ಫಿರಂಗಿ ಓದಿದ. ತಾನೇ ಕಟ್ಟಿದ ಎರಡು ಪದ ಓದಲು ಅವನು ಮೂರು ಸಲ ನಿಲ್ಲಬೇಕಾಯಿತು.

"ಯಾರು ಹೇಳಿದ್ರು ನಿಂಗೆ ಹಾಗೆ?"

ಅವನು ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದರು.

"ಯಾರೂ ಹೇಳ್ಲಿಲ್ಲ ಅಕ್ಕ. ನಾನೇ ಬರೆದದ್ದು. ಫೋನ್ ಇಟ್ಟವರನ್ನೆಲ್ಲ ಹಾಗಂತ ಬರೆದೆ. ನಿನ್ನನ್ನ ಮೂರು ಜನ ಅಂತ ಬರೆದಿದೀನಿ."

"ಮತ್ತೆ ಈ ಎರಡು ಸಾವಿರದ ಆರುನೂರು ಜನ?" ಎಂದರು ಅಧಿಕಾರಿ. "ಅವರಿಗೆ ಏನಾಗಿದೆ?"

"ಗೊತ್ತಿಲ್ಲ ಸಾರ್."

"ಅಂದಾಜು?"

"ಅಂದಾಜೂ ಇಲ್ಲ. ಎಷ್ಟು ಜನ ಇದ್ದಾರೆ, ಎಷ್ಟು ಜನ ಇಲ್ಲ, ನಮಗೆ ಗೊತ್ತಿಲ್ಲ. ಮೇಡಂಗೆ ಬೈಬೇಡಿ, ಅವರು ಮೊದಲೇ ನಿಜ ಬರೆದಿದ್ರು, ಆಗ ಇಬ್ಬರನ್ನ ತೆಗೆದ್ರಿ ನೀವು. ನಾನೂರು ಜನ, ಸಾವಿರ ಜನ ಅಂತ ನಾನು ಹೇಳ್ಕೊಂಡು ತಿರುಗೋದೆಲ್ಲ ಬರೀ ಬಾಯಿ. ಒಬ್ಬ ಮನುಷ್ಯ ದಿನಕ್ಕೆ ಹದಿನಾಲ್ಕು ಕರೆ ಎತ್ತಬಹುದು. ಕಷ್ಟಪಟ್ರೆ ಹದಿನೈದು. ಇವತ್ತು ಬೆಳಿಗ್ಗೆಯಿಂದ ನಾನು ಒಂದನ್ನೂ ಎತ್ತಿಲ್ಲ ಸಾರ್. ನಿಮಗೆ ವರದಿ ತೋರಿಸ್ತಾ ಕೂತಿದ್ದೆ."