ಎಂಬತ್ತೆಂಟನೇ ಸಹಿ

ಹೂಕೋಸು, ಹೌದು, ಹೂಕೋಸಿನ ಚೂರುಗಳೇ, ಮರ ಅಂತ ನಿಲ್ಲಿಸಿದ್ದಾರೆ, ಎಂದುಕೊಂಡಳು ವಾರಿಜಾ, ಬಿಲ್ಡರನ ಆಫೀಸಿನ ಮೇಜಿನ ಮೇಲಿದ್ದ ಪುಟ್ಟ ಮಾದರಿ ಊರಿನತ್ತ ಬಗ್ಗಿ — ಮುಂಬಯಿ ಪಕ್ಕದ ಠಾಣೆಯ ರೈಲ್ವೆ ಸ್ಟೇಷನ್ನಿನ ಎದುರಿನ ಹತ್ತು ಹಳೇ ಕಟ್ಟಡ ಕೆಡವಿದ ಮೇಲೆ ಏಳಲಿರುವ ಮೂರು ಗೋಪುರಗಳು, ಕೆಳಗೆ ಮಾಲ್, ನಡುವೆ ಆಫೀಸು, ಮೇಲೆ ಮನೆ, ಒಳಗೆಲ್ಲ ದೀಪ, ಏಸಿಯ ಗಾಳಿ ಪಾದಕ್ಕೇ ಬಡಿಯುತ್ತಿದೆ, ಸಾಕ್ಸ್ ಹಾಕಿಕೊಂಡು ಬರಬೇಕಿತ್ತು, ಸೀರೆಗೆ ಸಾಕ್ಸಾ ಅಂತ ರಘುಪತಿ ನಗುತ್ತಿದ್ದರು, ಇಲ್ಲ, ಈಗ ನಗಲಾರರು, ಎರಡು ತಿಂಗಳಿಂದ ಅವಳು ಏನು ಮಾಡಿದರೂ ಗಂಡ ನಗುತ್ತಿಲ್ಲ, ಚಹಾ ಬೇಕಾ ಅಂತ ಕೇಳುತ್ತಾರೆ, ಮೂವತ್ತೊಂದು ವರ್ಷ ಹೋಟೆಲಿನಲ್ಲಿ ಊರಿಗೆಲ್ಲ ಚಹಾ ಕೊಟ್ಟವರು ಹೆಂಡತಿಯನ್ನು ಕೇಳಿದ್ದು ಈಗಲೇ, ಯಾಕೆಂದರೆ ಆ ಹತ್ತರಲ್ಲೊಂದು ಕಟ್ಟಡದಲ್ಲಿರುವ ಹೋಟೆಲಿನ ಅಂಗಡಿ ಇರುವುದು ಅವಳ ಹೆಸರಿನಲ್ಲಿ. ನೋಂದಣಿಯ ದಿನ ಅವರ ಕಾಗದಗಳಲ್ಲಿ ಒಂದು ಕಡೆ ರಘುಪತಿ, ಇನ್ನೊಂದು ಕಡೆ ರಘುಪತಿ ಉಪಾಧ್ಯ, ಹೆಸರು ತಾಳೆಯಾಗಲಿಲ್ಲ, ಸದ್ಯಕ್ಕೆ ಹೆಂಡತಿ ಹೆಸರಿಗೆ ಮಾಡಿ, ಆಮೇಲೆ ಬದಲಿಸಿದರಾಯ್ತು ಅಂದಿದ್ದ ವಕೀಲ, ಆ ಆಮೇಲೆ ಬರಲೇ ಇಲ್ಲ, ಈಗ ಕಟ್ಟಡ ಕೆಡವಲು ಒಪ್ಪಿ ಎಂಬತ್ತೇಳು ಜನ ಮಾಲೀಕರು ಸಹಿ ಹಾಕಿಯಾಗಿದೆ, ಉಳಿದದ್ದು ಅವಳದೊಂದು. ಅಳಿಯ ಹೃಷಿಕೇಶ್, ಬೆಂಗಳೂರಿನವನು, ಇಲ್ಲೇ ನವಿ ಮುಂಬಯಿಯ ಮಹಾಪೆಯಲ್ಲಿ ಕೆಲಸ, ಕಾಗದ ಹಿಡಿದು ಅಡುಗೆಮನೆಗೇ ಬಂದ, ಅತ್ತೆ, ಸುಮ್ನೆ ಇಲ್ಲಿ ಸೈನ್ ಮಾಡಿ ಸಾಕು, ಬಾಣದ ಗುರುತು ಹಾಕಿದೀನಿ ನೋಡಿ, ಅವಳು ಬಾಣ ನೋಡಿದಳು, ಕೆಂಪಗಿತ್ತು, ಹುಳಿಗೆ ಒಗ್ಗರಣೆ ಹಾಕಲು ತಿರುಗಿದಳು. ಕನ್ನಡಕ ತಂದಿದ್ದೀಯಾ ಅಂತ ಎಲ್ಲರೂ ಕೇಳುತ್ತಾರೆ, ಇದು ನಿನಗೆ ಬೇಕಾ ಅಂತ ಒಬ್ಬರೂ ಇಲ್ಲ. ಬೇಕು, ಬೇಡವೆನ್ನುವುದು ಹೇಗೆ, ಹೋದ ಜೂನ್‌ನಲ್ಲಿ ಛಾವಣಿಯ ಗಾರೆ ಸಾಂಬಾರಿನೊಳಗೆ ಬಿತ್ತು, ಗಿರಾಕಿಯೊಬ್ಬ ನುಗ್ಗೆ ಅಂದುಕೊಂಡು ಕಚ್ಚಿದ.

ಯೇ ಆಪ್‌ಕಾ, ಆಂಟೀ, ಅನ್ನುತ್ತಿದ್ದಾನೆ ಬಿಲ್ಡರನ ಕಡೆಯ ಕುಶಾಲ್, ಮಂಗಳೂರಿನವರ ಮಗನಂತೆ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಅವನ ಕೈಯ ಕಡ್ಡಿಯ ಕೆಂಪು ಬೆಳಕು ಮೂರನೇ ಮಹಡಿಯಲ್ಲಿ ನಿಂತಿದೆ, ಫುಡ್ ಕೋರ್ಟ್, ಯೂನಿಟ್ ಇಲೆವೆನ್. ದೋಸೆ ಕಲ್ಲಿಗೆ ಗ್ಯಾಸ್ ಎಲ್ಲಿಂದ ಬರ್ತದೆ, ಕೇಳಿದಳು. ಗ್ಯಾಸ್ ನಹೀ ಆಂಟೀ, ಇಂಡಕ್ಷನ್, ಊಪರ್ ಆಗ್ ಅಲೌಡ್ ನಹೀ, ಮೇಲೆ ಬೆಂಕಿ ಕೂಡದಂತೆ. ಅವಳು ಗಂಡನ ಮುಖ ನೋಡಿದಳು, ಮಗಳ ಮನೆಯಲ್ಲಿ ಇಂಡಕ್ಷನ್ನಿನ ದೋಸೆಯ ತಟ್ಟೆ ಸರಿಸಿ, ಇದು ದೋಸೆಯಾ, ಒದ್ದೆ ಪೇಪರ್ ಬಿಸಿ ಮಾಡಿದ್ದಾ, ಅಂದಿದ್ದ ಮನುಷ್ಯ, ಈಗ ಏಸಿಯ ಕಿಂಡಿ ನೋಡುತ್ತಾ ಕೂತಿದ್ದಾರೆ, ಹೆದರಿಕೆ, ಪಾಪ, ತಮ್ಮಿಂದ ಕೆಲಸ ನಿಂತಿತು ಅಂತ ಎಂಬತ್ತೇಳು ಜನ ಬೈದರೆ — ಆಗ ಅವಳ ಬಾಯಿಂದಲೇ ಮಾತು ಬಂತು, ಒಲೆಯ ಮುಂದಿನಿಂದ ಗಲ್ಲಾಪೆಟ್ಟಿಗೆಯವರೆಗೆ ಕೂಗುವ ದನಿಯಲ್ಲಿ, ಕೆಳಗೆ ಬೇಕು, ರಸ್ತೆ ಬದಿ, ಗ್ಯಾಸ್ ಲೈನ್ ಬೇಕು, ಕಾಗದದಲ್ಲಿ ಬರೆದು ಕೊಡಿ, ಇಲ್ಲದಿದ್ರೆ ಸೈನ್ ಇಲ್ಲ. ಎಂತ ಮಾರಾಯ್ತಿ ಇದು, ಅಂದರು ರಘುಪತಿ. ಕುಶಾಲ್ ಫೋನ್ ಹಿಡಿದು ಹೊರಗೆ ಹೋದ, ಗಾಜಿನಾಚೆ ಅವನ ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು, ಅವಳು ಮೆಷಿನ್ನಿನ ಕಾಫಿ ಕುಡಿದಳು, ಕೆಟ್ಟದಾಗಿತ್ತು, ಇನ್ನೊಂದು ಕುಡಿದಳು, ಎದ್ದು ಹೋಗಲು ಧೈರ್ಯವಿರಲಿಲ್ಲ, ತನ್ನಿಂದ ಎಲ್ಲ ಕೆಟ್ಟುಹೋಯಿತೇ, ನಾಳೆ ಇಡೀ ಛಾವಣಿಯೇ ಬಿದ್ದರೆ, ಅಷ್ಟರಲ್ಲಿ ಬಾಗಿಲು. ಠೀಕ್ ಹೈ ಆಂಟೀ, ಸಾಹೇಬರು ಒಪ್ಪಿದ್ದಾರಂತೆ, ಕೆಳಗೆ ಜಾಗ ಇರುವುದು ಒಂದೇ, ಎಲ್ಲಿ ಅಂತ ತೋರಿಸಲು ಅವನು ಗೋಪುರದ ಬುಡದ ನೀಲಿ ಕಾರಂಜಿಯನ್ನು ಎರಡು ಬೆರಳಲ್ಲಿ ಹಿಡಿದು ಕಿತ್ತ, ಗೋಂದು ಎಳೆ ಎಳೆಯಾಗಿ ಬಂತು, ಕೆಳಗೊಂದು ತೂತು. ಕಾಗದ ಬಂತು, ಅವಳು ಸಾಲು ಸಾಲಾಗಿ ಓದಿದಳು, ಗ್ಯಾಸ್ ಲೈನ್ ಎಂಬಲ್ಲಿ ಎರಡು ಸಲ, ಕಣ್ಣು ಮಾತ್ರ ಮತ್ತೆ ಮತ್ತೆ ತೂತಿಗೆ. ನೀನು ಕೇಳಿದ್ದು ಒಳ್ಳೇದಾಯ್ತು, ನನಗೆ ಬಾಯೇ ಬರ್ಲಿಲ್ಲ, ರಘುಪತಿ ಅವಳಿಗೆ ಮಾತ್ರ ಕೇಳುವ ಹಾಗೆ ಅಂದರು, ಹೂಂ ಅಂದಳು, ತೂತು ನೋಡುತ್ತಾ, ಪೆನ್ನು ಕೊಟ್ಟರು, ಕನ್ನಡದಲ್ಲೇ ಬರೆದಳು, ವಾರಿಜಾ, ಮುಂದೆ ಉಪಾಧ್ಯ ಬರೆಯಬೇಕು, ಬರೆಯಬೇಕು, ಪೆನ್ನು ಅಲ್ಲೇ ನಿಂತಿದೆ, ಇಷ್ಟೇ ನನ್ನ ಜಾಗ, ಬೆರಳ ತುದಿಯಷ್ಟು, ಅಂಚಿನಲ್ಲಿ ಇನ್ನೂ ಆರದ ಗೋಂದು, ಒಳಗೆ ಕತ್ತಲೆ, ಆ ತೂತು.