ಎಡಕ್ಕೆ ಎಳೆಯುವ ಕಾರು

ಶ್ರೀಮಂಗಲದ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನಿತೇಶನಿಗೆ, ತನ್ನ ಹಳೆಯ ಕಾರು ನೆಲಕ್ಕೆ ಅಂಟಿಕೊಂಡಂತೆ ಕಾಣಬೇಕೆಂಬ ಹುಚ್ಚು ಹಿಡಿಯಿತು. ಜೀಪೇ ಏದುಸಿರು ಬಿಡುವ ಎಸ್ಟೇಟು ದಾರಿಯಲ್ಲಿ ಕಾರು ತಗ್ಗಿಸುವವನಿಗೆ ಏನೆನ್ನೋಣ! ವರ್ಕ್‌ಶಾಪಿನ ಮಹೇಶ್ ನಾಲ್ಕೂ ಸ್ಪ್ರಿಂಗುಗಳ ಸುರುಳಿ ಕೊಯ್ದು ಕೂರಿಸಿಕೊಟ್ಟ.

"ಇನ್ನು ಚಕ್ರ ನೆಟ್ಟಗೆ ನಿಲ್ಲೋದಿಲ್ಲ ಮಾರಾಯ. ಗೋಣಿಕೊಪ್ಪಕ್ಕೆ ಹೋಗಿ ಅಲೈನ್‌ಮೆಂಟ್ ಮಾಡಿಸು" ಎಂದೂ ಹೇಳಿದ.

ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿಯಲಿ ಎಂದ ನಿತೇಶ್. ಕಾರು ಎಡಕ್ಕೆ ಎಳೆಯುತ್ತಿತ್ತು, ಬ್ರೇಕ್ ಒತ್ತಿದರೆ ಇನ್ನೂ ಜೋರಾಗಿ. ಸ್ಟೀರಿಂಗನ್ನು ತುಸು ಬಲಕ್ಕೆ ಹಿಡಿದುಕೊಂಡರೆ ಸರಿಹೋಗುತ್ತಿತ್ತು. ಬರಬರುತ್ತ ಅವನ ಕೈ ತಾನಾಗಿಯೇ ಹಾಗೆ ಹಿಡಿಯತೊಡಗಿತು. ಪುಣ್ಯಾತ್ಮ ರೋಗವೇ ವಾಸಿಯಾಯಿತೆಂದುಕೊಂಡ. ಚಕ್ರಗಳು ಒಳಕ್ಕೆ ವಾಲಿದ್ದರಿಂದ ಟೈರುಗಳ ಒಳಅಂಚು ಮಾತ್ರ ಸವೆಯುತ್ತಿತ್ತು. ಹೊರಗಿನಿಂದ ನೋಡಿದರೆ ಹೊಸ ಟೈರು. ಮೇಲೆ ಥಳಕು, ಒಳಗೆ ಹುಳುಕು. ಬಗ್ಗಿ ನೋಡೋಣವೆಂದರೆ ಅಡಿಯಲ್ಲಿ ತಲೆ ತೂರಲು ಜಾಗವಿರಲಿಲ್ಲ.

ದಾರಿಯಲ್ಲಿ ಉಬ್ಬು ಬಂದಲ್ಲೆಲ್ಲ ಕಾರು ಹಗುರಾಗಲೆಂದು ತಾಯಿ, ತಂಗಿ ಇಳಿಯಬೇಕು, ನಡೆದು ದಾಟಬೇಕು, ಮತ್ತೆ ಹತ್ತಬೇಕು. ತಂಗಿ ಸುಮಿತಾ ನಗುತ್ತಿದ್ದಳು. "ಅಣ್ಣ, ನಾವು ಕಾರಲ್ಲಿ ಹೋಗೋದಾ, ಕಾರು ನಮ್ಮ ಹಿಂದೆ ಬರೋದಾ?"

ಪಿಕ್ಕಿಂಗ್ ಮುಗಿಯಿತು, ಗೋಣಿಕೊಪ್ಪದ ಮಾತು ಮತ್ತೆ ಬರಲಿಲ್ಲ. ಮಾರ್ಚಿನಲ್ಲಿ ತಾಯಿಯ ಕಣ್ಣು ತೋರಿಸಲು ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಬೇಕಿತ್ತು. ಅಂದೇ ಎಸ್ಟೇಟಿನ ಸಾಹುಕಾರರು, ಕಾಫಿ ಮೊಗ್ಗಿಗೆ ಸ್ಪ್ರಿಂಕ್ಲರ್ ನೀರು ಹಾಯಿಸಬೇಕು, ಪಂಪು ಬಿಟ್ಟು ಕದಲಬೇಡ ಎಂದರು.

"ಕೀ ಕೊಡು, ನಾನೇ ಕರ್ಕೊಂಡು ಹೋಗ್ತೇನೆ" ಎಂದಳು ಸುಮಿತಾ. ಎಸ್ಟೇಟು ಜೀಪಿನಲ್ಲಿ ಕಲಿತವಳು, ಅಣ್ಣನಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು.

"ಉಬ್ಬಲ್ಲಿ ನಿಧಾನ, ಅಡಿ ತಾಗ್ತದೆ" ಎಂದ ನಿತೇಶ್. ಎಡಕ್ಕೆ ಎಳೆಯುವ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಮತ್ತೆ ನಗುತ್ತಾಳೆಂದು ನುಂಗಿಕೊಂಡ. ಕಾರಿನ ಹೊಟ್ಟೆಯ ಮೇಲಿದ್ದ ಕಾಳಜಿ ಹೆತ್ತವಳ ಮೇಲೂ ಒಡಹುಟ್ಟಿದವಳ ಮೇಲೂ ಇರಲಿಲ್ಲವಲ್ಲ!

ಅವರು ಹೊರಟ ಸ್ವಲ್ಪ ಹೊತ್ತಿಗೇ ಮೋಡ ಕವಿದು, ಕಾಫಿ ಮೊಗ್ಗು ಅರಳಿಸುವ ಹೂಮಳೆ ಸುರಿಯಿತು. ವರ್ಷವಿಡೀ ಕಾಫಿಯವರು ಹರಕೆ ಹೊತ್ತು ಕಾಯುವ ಮಳೆ. ಪಂಪು ನಿಲ್ಲಿಸಿದರು. ನಿತೇಶ್ ನೆನೆಯುತ್ತಲೇ ಹೋಗಿ ಮಳೆಮಾಪಕ ನೋಡಿ, "ಭರ್ತಿ ಒಂದಿಂಚು ಬಂತು!" ಎಂದು ಸಾಹುಕಾರರಿಗೆ ಫೋನು ಮಾಡಿದ. ಕೂಲಿ ಲೈನಿನ ಹೆಂಗಸರು ನಗುತ್ತಿದ್ದರು, ಅವನೂ ನಕ್ಕ. ಮುಂದಿನ ಫೋನು ಮಾಕುಟ್ಟದ ಚೆಕ್‌ಪೋಸ್ಟಿನಿಂದ ಬಂತು.

ಘಾಟಿಯ ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಜಾರಿ ಕೆಳಗುರುಳಿತ್ತು. ತಾಯಿಯ ಕೈ ಮುರಿದಿತ್ತು. ಸುಮಿತಾ ಉಳಿಯಲಿಲ್ಲ. ಮಗುಚಿ ಬಿದ್ದ ಕಾರಿನ ಚಕ್ರಗಳು ಆಕಾಶ ನೋಡುತ್ತಿದ್ದವು, ಒಳಅಂಚುಗಳಲ್ಲಿ ರಬ್ಬರು ಸವೆದು ನೂಲು ಎದ್ದಿತ್ತು. ಓಡಿಬಂದ ನಿತೇಶನೊಬ್ಬನೇ ಅದನ್ನು ಗಮನಿಸಿದ. ಹೆಣ್ಣುಮಗಳು, ಘಾಟಿಯಲ್ಲಿ ಓಡಿಸಿ ಅಭ್ಯಾಸವಿರಲಿಲ್ಲ ಎಂದರು ಬಂದವರು. ಅವನು ತಲೆಯಾಡಿಸಿದ. ಸತ್ತ ತಂಗಿಯ ಮೇಲೆಯೇ ತಪ್ಪು ಹೊರಿಸಿದ.

ಕೆಲವು ದಿನಗಳ ನಂತರ ತಾಯಿಯನ್ನು ಆಸ್ಪತ್ರೆಯಿಂದ ಎಸ್ಟೇಟಿನ ಜೀಪಿನಲ್ಲಿ ಮನೆಗೆ ಕರೆತರುತ್ತಿದ್ದ. ಶ್ರೀಮಂಗಲ ದಾಟಿದ ಮೇಲೆ ತಾಯಿ ಮಾತು ತೆಗೆದಳು.

"ದಾರಿಯುದ್ದಕ್ಕೂ ಹೇಳ್ತಿದ್ಲು. ಸ್ಟೀರಿಂಗು ಎಡಕ್ಕೆ ಎಳೀತದೆ ಅಮ್ಮ, ಅಣ್ಣನಿಗೆ ಗೊತ್ತಿಲ್ಲ ಕಾಣ್ತದೆ, ಹೋದ ಕೂಡಲೇ ಹೇಳ್ಬೇಕು, ಇಲ್ಲಾಂದ್ರೆ ಎಲ್ಲಾದ್ರೂ ಬಿದ್ದು ಪೆಟ್ಟು ಮಾಡ್ಕೊಳ್ತಾನೆ ಅಂತ. ನಿನಗೆ ಗೊತ್ತಿತ್ತಾ ಮಗ?"

"ಇಲ್ಲಮ್ಮ."

ಎದುರಿನ ಲಾರಿ ಹಾರ್ನ್ ಬಾರಿಸಿತು. ಏನೂ ತೊಂದರೆಯಿಲ್ಲದ ಜೀಪು ರಸ್ತೆಯ ಬಲಕ್ಕೆ ಹೋಗಿಬಿಟ್ಟಿತ್ತು. ನಿತೇಶ್ ಬೆದರಿ ಎಡಕ್ಕೆ ತಂದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೈ ಮತ್ತೆ ಬಲಕ್ಕೆ ಎಳೆಯಿತು. ತಾಯಿ ಆ ಕೈಯನ್ನು ನೋಡಿದಳು. ಆಮೇಲೆ ಮಗನ ಮುಖ ನೋಡಿದಳು.

"ನಿಲ್ಸು. ಇಳೀತೇನೆ."

"ಇಲ್ಲಿ ಉಬ್ಬಿಲ್ಲ ಅಮ್ಮ."

ಅವಳು ಇಳಿದು, ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ನಡೆದಳು. ಕಾಫಿ ಹೂವು ಇಬ್ಬದಿಗೂ ಬೆಳ್ಳಗೆ ಅರಳಿತ್ತು. ನಿತೇಶ್ ಜೀಪನ್ನು ಅವಳ ಹಿಂದೆ ನಿಧಾನವಾಗಿ ಬಿಟ್ಟ. ಮನೆಯ ಬಾಗಿಲವರೆಗೂ ಅವಳು ಮತ್ತೆ ಹತ್ತಲಿಲ್ಲ.